ಒಣರಕ್ತದ ಹಳೆಯ ಕಾರ್ಡು ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕರಾವಳಿಯಲ್ಲಿ ಮಳೆಗಾಲಕ್ಕೆಂದು ಹಪ್ಪಳ ಮಾಡಿಡುವವರಿಗೆ ಇದು ಗೊತ್ತಿರುವ ಸಂಗತಿ. ಮೇ ತಿಂಗಳ ಬಿಸಿಲಿನಲ್ಲಿ ಸರಿಯಾಗಿ ಒಣಗಿ ಬಿಗಿ ಮುಚ್ಚಳದ ಡಬ್ಬಿ ಸೇರಿದ ಹಪ್ಪಳ ಮುಂದಿನ ವರ್ಷವೂ ಚೆನ್ನಾಗಿರುತ್ತದೆ. ಒಳಗೆ ಹಸಿ ಉಳಿದದ್ದಕ್ಕೆ ಆಟಿ ತಿಂಗಳು ಬರುವ ಮೊದಲೇ ಬೂಷ್ಟು ಹಿಡಿಯುತ್ತದೆ. ರೋಗ ತಪಾಸಣೆಗೆಂದು ಸೋಸುಕಾಗದದ ಕಾರ್ಡಿನ ಮೇಲೆ ಒಣಗಿಸಿಟ್ಟ ರಕ್ತದ ಚುಕ್ಕೆಯೂ ಇದೇ ಜಾತಿಯದು.

ಪರೀಕ್ಷೆ ಸೋತಾಗ "ಹತ್ತು ವರ್ಷದ ಹಳೆಯ ಕಾರ್ಡು, ಡಿಎನ್‌ಎ ಹೋಗಿರಬೇಕು" ಎಂದು ಬದಿಗಿಡುವುದು ಎಲ್ಲ ಪ್ರಯೋಗಾಲಯಗಳಲ್ಲೂ ಇರುವ ಅಭ್ಯಾಸ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ವಯಸ್ಸಿನದಲ್ಲ, ತೇವದ್ದು. ಡೆನ್ಮಾರ್ಕಿನವರು ನವಜಾತ ಶಿಶುಗಳ ಕಾರ್ಡುಗಳನ್ನು 1982ರಿಂದ ಮೈನಸ್ 20 ಡಿಗ್ರಿಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿನ ಹಳೆಯ ಕಾರ್ಡುಗಳಿಂದ 3.2 ಮಿ.ಮೀ. ಅಗಲದ ಎರಡೇ ಬಿಲ್ಲೆ ಕತ್ತರಿಸಿ ಇಡೀ ಜೀನೋಮ್ ಓದಿದ್ದಾರೆ. ಕಾಗದ ಒಣಗಿದ್ದರೆ ಡಿಎನ್‌ಎಗೆ ತಾಳ್ಮೆ ಬಹಳ.

ಈ ಬರಹ ಕಾರ್ಡನ್ನು ಕೈಯಲ್ಲಿ ಹಿಡಿದು ಕುಳಿತವರಿಗಾಗಿ. ಖರ್ಚಿಲ್ಲದ ತಪಾಸಣೆಗಳು ಮೊದಲು ಬರುತ್ತವೆ, ದುಬಾರಿಯವು ಕೊನೆಗೆ.

ಮುಟ್ಟುವ ಮೊದಲು

ಒಣಗಿದ ರಕ್ತ ತಾನೇ ಎಂಬ ಸಲಿಗೆ ಬೇಡ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಕೈಗವಸು ಹಾಕಿಕೊಳ್ಳಿ, ಪ್ರತಿ ಕಾರ್ಡಿಗೂ ಬದಲಿಸಿದರೆ ಇನ್ನೂ ಒಳ್ಳೆಯದು. ಬೂಷ್ಟು ಕಂಡ ಚೀಲವನ್ನು ತೆರೆದ ಮೇಜಿನ ಮೇಲೆ ಬಿಚ್ಚಬೇಡಿ, ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಬಿಚ್ಚಿ. ತೇವ ಹೀರುವ ನೀಲಿ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದರ ದೂಳು ಉಸಿರಿನೊಳಗೆ ಹೋಗಬಾರದು, ಹಾಗಾಗಿ ಒಡೆದ ಪೊಟ್ಟಣವನ್ನು ಕೈಯಲ್ಲಿ ಹಿಸುಕುತ್ತಾ ಕೂರಬೇಡಿ.

ಇನ್ನೊಂದು ಮಾತನ್ನು ಗೋಡೆಗೆ ಅಂಟಿಸಿಡಬೇಕು. ಡಿಎನ್‌ಎ ಬೇರ್ಪಡಿಸುವ ಕಿಟ್‌ಗಳ ದ್ರಾವಣಗಳಲ್ಲಿ ಬಹುತೇಕ ಗ್ವಾನಿಡಿನ್ ಲವಣ ಇರುತ್ತದೆ. ಅದು ಚೆಲ್ಲಿದ ಜಾಗಕ್ಕೆ ಬ್ಲೀಚ್ ಸುರಿದರೆ ವಿಷಾನಿಲ ಏಳುತ್ತದೆ. ಮೊದಲು ನೀರು ಮತ್ತು ಸಾಬೂನಿನಿಂದ ಒರೆಸಿ ತೆಗೆಯಿರಿ.

ಆಮೇಲೆ ಉಳಿದಿರುವ ರಕ್ತವನ್ನು ಲೆಕ್ಕ ಹಾಕಿ. ಸುಮಾರು 13 ಮಿ.ಮೀ. ಅಗಲದ ಒಂದು ತುಂಬಿದ ಚುಕ್ಕೆಯಿಂದ 3.2 ಮಿ.ಮೀ.ನ ಆರರಿಂದ ಎಂಟು ಬಿಲ್ಲೆಗಳು ಸಿಗುತ್ತವೆ. ಎಷ್ಟು ಸಲ ಸೋಲಬಹುದು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಲಕ್ಷಣ: ಕೆಲವು ಕಾರ್ಡುಗಳು ಸೋಲುತ್ತಿವೆ, ಕೆಲವು ಗೆಲ್ಲುತ್ತಿವೆ

ಮೊದಲ ತಪಾಸಣೆಗೆ ಒಂದು ರೂಪಾಯಿಯೂ ಬೇಡ, ದಾಖಲೆ ಪುಸ್ತಕ ಸಾಕು. ಸೋತ ಕಾರ್ಡುಗಳ ಪಟ್ಟಿ ಮಾಡಿ ನಾಲ್ಕು ಬಗೆಯಲ್ಲಿ ವಿಂಗಡಿಸಿ ನೋಡಿ: ಯಾವ ವರ್ಷದ್ದು, ಯಾವ ಪೆಟ್ಟಿಗೆಯಲ್ಲಿತ್ತು, ರಕ್ತ ತೆಗೆದದ್ದು ಎಲ್ಲಿ, ಪರೀಕ್ಷೆಯ ತಟ್ಟೆಯಲ್ಲಿ ಯಾವ ಗುಳಿಯಲ್ಲಿತ್ತು. ಸೋಲು ವರ್ಷಕ್ಕೆ ತಕ್ಕಂತೆ ಏರುತ್ತಾ ಹೋದರೆ ವಯಸ್ಸನ್ನೋ ಆ ಕಾಲದ ಕಾಗದವನ್ನೋ ಅನುಮಾನಿಸಿ. ಒಂದೇ ಪೆಟ್ಟಿಗೆಯಲ್ಲಿ ಗುಂಪುಗೂಡಿದ್ದರೆ ದೋಷ ಸಂಗ್ರಹಣೆಯದು. ಒಂದೇ ಆಸ್ಪತ್ರೆಯಿಂದ ಬಂದವಾಗಿದ್ದರೆ ಅಲ್ಲಿ ಒಣಗಿಸುವ ಕ್ರಮದಲ್ಲಿ ತಪ್ಪಿದೆ. ತಟ್ಟೆಯ ಒಂದು ಅಂಚಿನಲ್ಲೇ ಇದ್ದರೆ ಪಾಪ ಕಾರ್ಡಿನದೇನೂ ತಪ್ಪಿಲ್ಲ, ನಿಮ್ಮ ಯಂತ್ರವನ್ನೋ ಪಿಪೆಟ್ಟನ್ನೋ ನೋಡಿ.

ಇದನ್ನು ನಾನು ಕಲಿತದ್ದು ತಡವಾಗಿ. ಒಂದು ಮಳೆಗಾಲ ಪೂರ್ತಿ ನಾವು ಕಿಟ್ ಬದಲಿಸಿದೆವು, ಕಿಣ್ವ ಬದಲಿಸಿದೆವು, ಕಿಟ್ ಮಾರುವವನ ಮೇಲೆ ಸಿಟ್ಟಾದೆವು. ಕೊನೆಗೆ ಪಟ್ಟಿ ಮಾಡಿದಾಗ ಸೋತ ಕಾರ್ಡುಗಳೆಲ್ಲ ಒಂದೇ ಉಕ್ಕಿನ ಕಪಾಟಿನ ಕೆಳಗಿನ ಎರಡು ಅರೆಗಳವು ಎಂದು ತಿಳಿಯಿತು. ಕಪಾಟನ್ನು ಎಳೆದು ನೋಡಿದರೆ ಹಿಂದಿನ ಪಡುವಣ ಗೋಡೆ ಬೆವರುತ್ತಿತ್ತು. ಬಣ್ಣ ಉಬ್ಬಿ ಕೈಗೆ ಸುಣ್ಣ ಹತ್ತುತ್ತಿತ್ತು. ಮೇಲಿನ ಅರೆಗಳಲ್ಲಿದ್ದ, ಅದೇ ವರ್ಷದ ಕಾರ್ಡುಗಳು ಒಂದು ಕೊಂಕಿಲ್ಲದೆ ಕೆಲಸ ಮಾಡಿದವು.

ಲಕ್ಷಣ: ಚೀಲದೊಳಗಿನ ತೇವಸೂಚಕ ಚೀಟಿ ಗುಲಾಬಿ ಬಣ್ಣಕ್ಕೆ ತಿರುಗಿದೆ

ನೀಲಿ ಇದ್ದರೆ ಒಣ, ಗುಲಾಬಿಯಾದರೆ ತೇವ. ಚೀಟಿಯಲ್ಲಿ ಶೇ. 30ರ ಗುರುತು ಗುಲಾಬಿಯಾಗಿದ್ದರೆ ತೇವಾಂಶ ಆ ಗಡಿ ದಾಟಿದೆ ಎಂದರ್ಥ. ಕಾರ್ಡು ಸತ್ತಿದೆ ಎಂದು ಅರ್ಥವಲ್ಲ. ಹೊಸ ಪೊಟ್ಟಣಗಳನ್ನು ಹಾಕಿ, ಜಿಪ್ ಚೀಲ ಬದಲಿಸಿ, ದಿನಾಂಕ ಬರೆದು, ಎರಡು ದಿನ ಬಿಟ್ಟು ಚೀಟಿಯನ್ನು ಮತ್ತೆ ನೋಡಿ. ನೀಲಿಗೆ ಮರಳಿದರೆ ಮುಂದುವರಿಯಬಹುದು. ಮತ್ತೆ ಗುಲಾಬಿಯಾದರೆ ಚೀಲ ಸೋರುತ್ತಿದೆ, ಇಲ್ಲವೇ ಕಾರ್ಡೇ ಹಸಿಯಾಗಿದೆ.

ತೇವ ನುಗ್ಗುವ ಅತಿ ಸಾಮಾನ್ಯ ದಾರಿ ನಮ್ಮ ಅವಸರ. ಮೈನಸ್ 20ರಿಂದ ತೆಗೆದ ಚೀಲವನ್ನು ಜುಲೈ ತಿಂಗಳ ಮಂಗಳೂರಿನ ಗಾಳಿಯಲ್ಲಿ ತಕ್ಷಣ ಬಿಚ್ಚಿದರೆ ಏನಾಗುತ್ತದೆ? ಫ್ರಿಜ್ಜಿನಿಂದ ತೆಗೆದ ಸೀಸೆಯ ಮೈಮೇಲೆ ಹನಿಗಟ್ಟುವುದೇ ಕಾಗದದ ಮೇಲೂ ಆಗುತ್ತದೆ. ಕಾಗದ ಹನಿಯನ್ನು ಹೀರಿಕೊಳ್ಳುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಒಂದೇ ಕಾರ್ಡನ್ನು ಹೀಗೆ ಹತ್ತು ಸಲ ತೆರೆದರೆ ಹತ್ತು ಸಲ ನೆನೆಸಿದಂತೆ. ಚೀಲ ಮುಚ್ಚಿದ್ದಂತೆಯೇ ಕೋಣೆಯ ಉಷ್ಣತೆಗೆ ಬರಲಿ, ಹೊರಮೈ ಒಣಗಲಿ, ಆಮೇಲೆ ಬಿಚ್ಚಿ. ವಿದ್ಯುತ್ ಹೋಗಿ ಫ್ರೀಜರ್ ಬೆಚ್ಚಗಾದಾಗಲೂ ಇದೇ ನಿಯಮ. ಒಣಗಿದ ಕಾರ್ಡಿನ ಡಿಎನ್‌ಎಗೆ ಒಂದು ದಿನದ ಬೆಚ್ಚಗೆ ದೊಡ್ಡ ಪೆಟ್ಟಲ್ಲ. ಗಾಬರಿಯಿಂದ ಚೀಲಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸುವುದರಿಂದಲೇ ಹಾನಿ.

ಲಕ್ಷಣ: ಚುಕ್ಕೆಯ ಬಣ್ಣವೋ ಆಕಾರವೋ ಸರಿ ಕಾಣುತ್ತಿಲ್ಲ

ಕಂದುಗೆಂಪು ಬಣ್ಣ ಸಹಜ. ವರ್ಷ ಕಳೆದಂತೆ ಕಂದು ಗಾಢವಾಗುತ್ತದೆ. ಹಿಮೋಗ್ಲೋಬಿನ್ ಆಕ್ಸಿಡೀಕರಣಗೊಳ್ಳುವುದೇ ಅದಕ್ಕೆ ಕಾರಣ. ಬಣ್ಣ ಕಪ್ಪಾಗಿದೆ ಎಂದು ಡಿಎನ್‌ಎಯನ್ನು ಕೈಬಿಡಬೇಡಿ.

ಚುಕ್ಕೆಯ ಸುತ್ತ ತಿಳಿಹಳದಿ ವರ್ತುಲವಿದ್ದರೆ ಸೀರಂ, ಅಂದರೆ ರಕ್ತದ ತಿಳಿ ದ್ರವ, ಬೇರೆಯಾಗಿ ಹರಡಿದೆ. ಬೆರಳನ್ನು ಹಿಂಡಿ ರಕ್ತ ತೆಗೆದಾಗ, ಸ್ಪಿರಿಟ್ ಆರುವ ಮೊದಲೇ ಚುಚ್ಚಿದಾಗ, ಇಲ್ಲವೇ ಕಾರ್ಡನ್ನು ಓರೆಯಾಗಿಟ್ಟು ಒಣಗಿಸಿದಾಗ ಹೀಗಾಗುತ್ತದೆ. ಬಿಲ್ಲೆಯನ್ನು ಗಾಢ ಭಾಗದಿಂದಲೇ ಕತ್ತರಿಸಿ. ಕಾರ್ಡಿನ ಹಿಂಬದಿಯನ್ನೂ ನೋಡಿ. ರಕ್ತ ಹಿಂದಕ್ಕೆ ಇಳಿದಿಲ್ಲವಾದರೆ ಬಿಲ್ಲೆಯಲ್ಲಿ ಅರ್ಧ ರಕ್ತವಷ್ಟೇ ಇದೆ.

ಬೂದು ಅಥವಾ ಹಸಿರು ರೋಮ ಕಂಡರೆ ಅದು ಬೂಷ್ಟು. ಶಿಲೀಂಧ್ರದ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸುತ್ತವೆ. ಜೊತೆಗೆ ಅದರದೇ ಡಿಎನ್‌ಎ ಸೇರಿಕೊಂಡು ಅಳತೆಯನ್ನು ಸುಳ್ಳು ಮಾಡುತ್ತದೆ. ಬದಲಿ ರಕ್ತ ಸಿಗುವಂತಿದ್ದರೆ ಇಲ್ಲಿಗೇ ನಿಲ್ಲಿಸಿ.

ಲಕ್ಷಣ: ಡಿಎನ್‌ಎ ಬಹಳ ಕಡಿಮೆ ಬಂದಿದೆ

ಕಡಿಮೆ ಎಂದರೆ ಎಷ್ಟು? 3.2 ಮಿ.ಮೀ. ಬಿಲ್ಲೆಯಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತವಿರುತ್ತದೆ. ವಯಸ್ಕರ ಒಂದು ಮೈಕ್ರೋಲೀಟರಿನಲ್ಲಿ 4,000ದಿಂದ 11,000 ಬಿಳಿ ರಕ್ತಕಣಗಳು. ಒಂದು ಕಣದಲ್ಲಿ 6.6 ಪಿಕೋಗ್ರಾಂ ಡಿಎನ್‌ಎ. ಗುಣಿಸಿದರೆ ಸುಮಾರು 80ರಿಂದ 220 ನ್ಯಾನೋಗ್ರಾಂ. ಅದು ಕಾಗದದ ಮೇಲಿನ ಲೆಕ್ಕ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ನವಜಾತ ಶಿಶುಗಳಲ್ಲಿ ಬಿಳಿ ಕಣ ಹೆಚ್ಚಿರುವುದರಿಂದ ಇಳುವರಿಯೂ ಹೆಚ್ಚು. ಒಂದು ಬಿಲ್ಲೆಯಿಂದ ಮೈಕ್ರೋಗ್ರಾಂ ನಿರೀಕ್ಷಿಸುವವರಿಗೆ ಕಾರ್ಡು ಯಾವಾಗಲೂ ಕೆಟ್ಟದ್ದೇ.

ಅಳೆದದ್ದು ಹೇಗೆ ಎಂಬುದನ್ನೂ ನೋಡಿ. ಬೆಳಕಿನ ಹೀರುವಿಕೆಯಿಂದ ಅಳೆಯುವ ನ್ಯಾನೋಡ್ರಾಪ್ ಮಾದರಿಯ ಯಂತ್ರಗಳು ಉಳಿದ ಪ್ರೋಟೀನು ಮತ್ತು ಹೀಮ್ (ಹಿಮೋಗ್ಲೋಬಿನ್ನಿಗೆ ಕೆಂಪು ಬಣ್ಣ ಕೊಡುವ ಭಾಗ) ಅನ್ನೂ ಸೇರಿಸಿಕೊಂಡು ದೊಡ್ಡ ಅಂಕಿ ತೋರಿಸುತ್ತವೆ. ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ ಬಳಸುವ ವಿಧಾನವನ್ನೇ ನಂಬಿ.

ಈಗ ತೊಳೆದ ಬಿಲ್ಲೆಯನ್ನು ಬೆಳಕಿಗೆ ಹಿಡಿಯಿರಿ. ಬಿಳಿಯಾಗಿದ್ದರೆ ರಕ್ತ ಹೊರಬಂದಿದೆ. ಇನ್ನೂ ಇಟ್ಟಿಗೆಯ ಬಣ್ಣವಿದ್ದರೆ ಹಿಮೋಗ್ಲೋಬಿನ್ ಕಾಗದದ ನಾರಿಗೆ ಕಚ್ಚಿಕೊಂಡಿದೆ, ಜೊತೆಗೆ ಡಿಎನ್‌ಎಯನ್ನೂ ಹಿಡಿದಿಟ್ಟುಕೊಂಡಿದೆ. ಬಿಸಿಯಲ್ಲಿ, ತೇವದಲ್ಲಿ ಇದ್ದ ಹಳೆಯ ಕಾರ್ಡುಗಳಲ್ಲಿ ಇದು ಸಾಮಾನ್ಯ. ಮದ್ದು ಸುಲಭ: ಪ್ರೋಟೀನನ್ನು ಒಡೆಯುವ ಪ್ರೋಟೀನೇಸ್ ಕೆ ಕಿಣ್ವದಲ್ಲಿ 56 ಡಿಗ್ರಿಯಲ್ಲಿ ಒಂದು ಗಂಟೆಯ ಬದಲು ರಾತ್ರಿಯಿಡೀ ಬಿಡಿ, ನಡುನಡುವೆ ಅಲುಗಾಡಿಸಿ. ಬಿಲ್ಲೆ ದ್ರಾವಣದಲ್ಲಿ ಮುಳುಗಿದೆಯೇ, ಕೊಳವೆಯ ಗೋಡೆಗೆ ಅಂಟಿಕೊಂಡಿದೆಯೇ ಎಂದೂ ನೋಡಿ. ನಗಬೇಡಿ, ಬೆಳಿಗ್ಗೆ ಬಂದು ನೋಡಿದಾಗ ಮುಚ್ಚಳದಲ್ಲಿ ಒಣಗಿ ಕುಳಿತ ಬಿಲ್ಲೆಗಳು ನನ್ನ ಲೆಕ್ಕದಲ್ಲೂ ಇವೆ.

ಕಾಗದ ಯಾವುದು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಿಕೊಳ್ಳಿ. ವಾಟ್‌ಮನ್ 903ರಂಥ ಸಾದಾ ಕಾಗದದಿಂದ ಡಿಎನ್‌ಎಯನ್ನು ದ್ರಾವಣಕ್ಕೆ ಇಳಿಸುತ್ತೇವೆ. ರಾಸಾಯನಿಕ ಲೇಪಿಸಿದ ಎಫ್‌ಟಿಎ ಕಾರ್ಡಿನ ಮಾಮೂಲಿ ವಿಧಾನ ತದ್ವಿರುದ್ಧ: ಡಿಎನ್‌ಎ ಕಾಗದದಲ್ಲೇ ಉಳಿಯುತ್ತದೆ, ಕಶ್ಮಲ ತೊಳೆದುಹೋಗುತ್ತದೆ, ಬಿಲ್ಲೆಯೇ ನೇರವಾಗಿ ಪಿಸಿಆರ್‌ಗೆ (ಬೇಕಾದ ಡಿಎನ್‌ಎ ತುಣುಕನ್ನು ಸುತ್ತುಸುತ್ತಾಗಿ ಪ್ರತಿ ಮಾಡಿ ಹೆಚ್ಚಿಸುವ ವಿಧಾನ) ಹೋಗುತ್ತದೆ. ಒಂದರ ಕ್ರಮವನ್ನು ಇನ್ನೊಂದಕ್ಕೆ ಮಾಡಿದರೆ ಡಿಎನ್‌ಎ ಚರಂಡಿಗೆ ಸೇರುತ್ತದೆ.

ಲಕ್ಷಣ: ಡಿಎನ್‌ಎ ಇದೆ, ಆದರೆ ಪಿಸಿಆರ್ ಏಳುತ್ತಿಲ್ಲ

ಅಡ್ಡಿಯೋ, ಕೊರತೆಯೋ? ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ. ಎಲ್ಲ ಸರಿಯಿದ್ದರೆ ಸಂಕೇತ ಸುಮಾರು 3.3 ಸುತ್ತು ತಡವಾಗಿ ಬರಬೇಕು. ಅಷ್ಟು ತಡವಾಗದೆ ಬಂದರೆ, ಅಥವಾ ಮೊದಲು ಬಾರದೇ ಇದ್ದದ್ದು ಈಗ ಬಂದರೆ, ದ್ರಾವಣದಲ್ಲಿ ಅಡ್ಡಗಾಲು ಹಾಕುವ ವಸ್ತುವಿದೆ. ಒಣರಕ್ತದಲ್ಲಿ ಆ ಅಪರಾಧಿ ಸಾಮಾನ್ಯವಾಗಿ ಹೀಮ್. ದ್ರಾವಣ ಚಹಾದ ಬಣ್ಣಕ್ಕಿದ್ದರೆ ಸಾಕ್ಷಿ ಬೇರೆ ಬೇಡ. ಇನ್ನೊಮ್ಮೆ ತೊಳೆಯಿರಿ, ಇಲ್ಲವೇ ಪಿಸಿಆರ್ ಮಿಶ್ರಣಕ್ಕೆ ಬಿಎಸ್‌ಎ ಪ್ರೋಟೀನ್ ಸೇರಿಸಿ.

ಆಗಲೂ ಆಗದಿದ್ದರೆ ರಕ್ತ ಬಂದ ದಾರಿಯನ್ನು ಕೇಳಿ. ಹಿಮ್ಮಡಿ ಚುಚ್ಚಿ ನೇರವಾಗಿ ಕಾಗದಕ್ಕೆ ಬಿದ್ದದ್ದೇ, ಕೊಳವೆಯಿಂದ ಸುರಿದದ್ದೇ? ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಕೊಳವೆಯಾದರೆ ಉತ್ತರ ಸಿಕ್ಕಿತು. ಹೆಪಾರಿನ್ ಪಿಸಿಆರ್‌ಗೆ ಶತ್ರು, ಅದನ್ನು ಒಡೆಯಲು ಹೆಪಾರಿನೇಸ್ ಕಿಣ್ವ ಬೇಕು.

ತೆಳುಮಾಡಿದಾಗ ಸಂಕೇತ ಪೂರ್ತಿ ಮಾಯವಾದರೆ ಅದು ಕೊರತೆ, ಅಥವಾ ಮುಂದೆ ಹೇಳುವ ಮುರುಕು.

ಲಕ್ಷಣ: ಸಣ್ಣ ತುಣುಕು ಬರುತ್ತದೆ, ದೊಡ್ಡದು ಬರುವುದಿಲ್ಲ

ತೇವ ಮತ್ತು ಸೆಕೆ ಕೂಡಿದಾಗ ಡಿಎನ್‌ಎ ದಾರ ಅಲ್ಲಲ್ಲಿ ತುಂಡಾಗುತ್ತದೆ. 100, 300 ಮತ್ತು 600 ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿ ಘಟಕಗಳು) ಉದ್ದದ ಮೂರು ತುಣುಕುಗಳನ್ನು ಒಂದೇ ಮಾದರಿಯಿಂದ ಓಡಿಸಿ ನೋಡಿ. ಮೂರೂ ಬಂದರೆ ದಾರ ಗಟ್ಟಿಯಿದೆ. 100 ಮಾತ್ರ ಬಂದರೆ ಮುರಿದಿದೆ. ಪರೀಕ್ಷೆಯನ್ನು ಸಣ್ಣ ತುಣುಕಿಗೆ ಮರುರೂಪಿಸಬೇಕು.

ಇದು ಬರೀ "ಫಲಿತಾಂಶ ಬರಲಿಲ್ಲ" ಎಂಬ ತೊಂದರೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಪ್ಪು ಫಲಿತಾಂಶ ಬರುತ್ತದೆ, ಅದೂ ಠೀವಿಯಿಂದ. ಹಿಮೋಗ್ಲೋಬಿನ್ ಕೊರತೆಯ ಆನುವಂಶಿಕ ಕಾಯಿಲೆಯಾದ ಬೀಟಾ ಥಲಸ್ಸೇಮಿಯಾದ ತಪಾಸಣೆಯನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ, ಅದರಲ್ಲೂ ಸಿಂಧಿ ಸಮುದಾಯದಲ್ಲಿ, ಬೀಟಾ ಗ್ಲೋಬಿನ್ ಜೀನಿನ 619 ಅಕ್ಷರಗಳು ಬಿಟ್ಟುಹೋಗಿರುವ ದೋಷ ಕಂಡುಬರುತ್ತದೆ. ಅದನ್ನು ಹಿಡಿಯಲು ಬಿಟ್ಟುಹೋದ ಭಾಗದ ಎರಡೂ ಬದಿಗೆ ಪ್ರೈಮರ್ (ಪ್ರತಿ ಮಾಡುವುದು ಎಲ್ಲಿಂದ ಶುರು ಎಂದು ತೋರಿಸುವ ಸಣ್ಣ ಡಿಎನ್‌ಎ ತುಂಡು) ಇಟ್ಟು ಪಿಸಿಆರ್ ಮಾಡುತ್ತೇವೆ. ರೂಢಿಯಲ್ಲಿರುವ ಪ್ರೈಮರ್ ಜೋಡಿಯಲ್ಲಿ ಸರಿಯಾದ ಪ್ರತಿ 861 ಅಕ್ಷರದ ಪಟ್ಟಿ ಕೊಡುತ್ತದೆ, ದೋಷವಿರುವ ಪ್ರತಿ 242 ಅಕ್ಷರದ ಪಟ್ಟಿ ಕೊಡುತ್ತದೆ. ವಾಹಕರಲ್ಲಿ, ಅಂದರೆ ಒಂದು ಪ್ರತಿಯಲ್ಲಿ ಮಾತ್ರ ದೋಷವಿರುವವರಲ್ಲಿ, ಎರಡೂ ಪಟ್ಟಿ ಕಾಣಬೇಕು.

ಈಗ ಮುರಿದ ಡಿಎನ್‌ಎ ಹಾಕಿ. 861 ಉದ್ದದ ದಾರ ಎಲ್ಲೋ ತುಂಡಾಗಿದೆ, ಬರುವುದಿಲ್ಲ. 242 ಆರಾಮವಾಗಿ ಬರುತ್ತದೆ. ಜೆಲ್ ಮೇಲೆ ಒಂದೇ ಒಂದು ಪಟ್ಟಿ, ಚೊಕ್ಕಟವಾಗಿ, ಹೊಳೆಯುತ್ತಾ. ಓದುವವರು "ಎರಡೂ ಪ್ರತಿಗಳಲ್ಲಿ ದೋಷ" ಎಂದು ಬರೆಯುತ್ತಾರೆ. ಆರೋಗ್ಯವಾಗಿರುವ ವಾಹಕ ಕಾಗದದ ಮೇಲೆ ಥಲಸ್ಸೇಮಿಯಾ ಮೇಜರ್ ಎಂಬ ತೀವ್ರ ರೂಪದ ರೋಗಿಯಾಗಿಬಿಡುತ್ತಾನೆ. ಅದೇ ತಟ್ಟೆಯಲ್ಲಿ ಓಡಿದ ತಾಜಾ ರಕ್ತದ ನಿಯಂತ್ರಣ ಮಾದರಿ ಎರಡು ಪಟ್ಟಿ ತೋರಿಸಿರುವುದರಿಂದ ಅನುಮಾನವೂ ಹುಟ್ಟುವುದಿಲ್ಲ.

ಬಿಡಿಸಿಕೊಳ್ಳುವ ದಾರಿ ಇದೆ. ಒಂದು ಪ್ರೈಮರನ್ನು ಬಿಟ್ಟುಹೋಗುವ 619ರ ಒಳಗೇ ಇಟ್ಟು, 150 ಅಕ್ಷರ ಮೀರದ ಇನ್ನೊಂದು ಸಣ್ಣ ಪಿಸಿಆರ್ ಮಾಡಿ. ಸರಿಯಾದ ಪ್ರತಿ ಇದ್ದರೆ ಮಾತ್ರ ಅದು ಬರುತ್ತದೆ. ಬಂತೇ, ಹಿಂದಿನ ಓದು ತಪ್ಪು. ಹಳೆಯ ಕಾರ್ಡಿಗೆ ನಿಯಂತ್ರಣ ಮಾದರಿಯೂ ಅಷ್ಟೇ ಹಳೆಯ ಕಾರ್ಡೇ ಆಗಿರಬೇಕು, ಅದೇ ಪೆಟ್ಟಿಗೆಯದಾದರೆ ಇನ್ನೂ ಒಳ್ಳೆಯದು.

ಲಕ್ಷಣ: ಒಂದೇ ಕಾರ್ಡಿನಿಂದ ಎರಡು ಬಗೆಯ ಉತ್ತರ

ಸೋಮವಾರ ವಾಹಕ, ಗುರುವಾರ ಸಹಜ. ಎರಡು ಕಾರಣಗಳನ್ನು ನೋಡಬೇಕು.

ಒಂದು, ಡಿಎನ್‌ಎ ಪ್ರತಿಗಳು ತೀರಾ ಕಡಿಮೆ. 0.1 ನ್ಯಾನೋಗ್ರಾಂ ಎಂದರೆ ಹದಿನೈದು ಕಣಗಳ ಡಿಎನ್‌ಎ. ಅದರಲ್ಲಿ ಅರ್ಧ ಮುರಿದಿದ್ದರೆ ತಂದೆಯ ಕಡೆಯ ಪ್ರತಿ ಸಿಗುವುದೂ ತಾಯಿಯ ಕಡೆಯದು ಸಿಗುವುದೂ ಅದೃಷ್ಟದಾಟ. ಬೇರೆ ಬೇರೆ ಬಿಲ್ಲೆಗಳಿಂದ ಮೂರು ಸಲ ಮಾಡಿ. ಒಂದೇ ದ್ರಾವಣವನ್ನು ಮೂರು ಸಲ ಓಡಿಸುವುದು ಮರುಪರೀಕ್ಷೆಯಲ್ಲ.

ಎರಡು, ಬೇರೆಯವರ ರಕ್ತ ಬೆರೆತಿದೆ. ನಡುವೆ ಹಾಳೆಯಿಲ್ಲದೆ ಒಂದರ ಮೇಲೊಂದು ಒತ್ತಿಟ್ಟ ಕಾರ್ಡುಗಳು ತೇವ ತಗುಲಿದಾಗ ಒಂದಕ್ಕೊಂದು ಅಂಟುತ್ತವೆ. ಬಿಲ್ಲೆ ಕತ್ತರಿಸುವ ಪಂಚಿನ ಹಲ್ಲಿನಲ್ಲೂ ನಾರು ಉಳಿಯುತ್ತದೆ. ಪ್ರತಿ ಕಾರ್ಡಿನ ನಂತರ ಖಾಲಿ ಕಾಗದದಲ್ಲಿ ಎರಡು ಮೂರು ಬಿಲ್ಲೆ ಕತ್ತರಿಸಿ, ಅವುಗಳಲ್ಲಿ ಕೊನೆಯದನ್ನು ಪರೀಕ್ಷೆಗೂ ಹಾಕಿ. ಖಾಲಿ ಬಿಲ್ಲೆಯಲ್ಲಿ ಸಂಕೇತ ಬಂದರೆ ಆ ದಿನದ ಎಲ್ಲ ಫಲಿತಾಂಶಗಳೂ ಅನುಮಾನಾಸ್ಪದ. ಅಗ್ಗದ ಇನ್ನೊಂದು ಕಾವಲು ಗಂಡು ಹೆಣ್ಣು ಗುರುತಿಸಲು ನೆರವಾಗುವ ಅಮೆಲೊಜೆನಿನ್ ಜೀನಿನದು: ಹೆಣ್ಣುಮಗುವಿನ ಕಾರ್ಡಿನಲ್ಲಿ ವೈ ವರ್ಣತಂತುವಿನ ಗುರುತು ಕಂಡರೆ ಮುಂದೆ ಹೋಗಬೇಡಿ. ರಕ್ತ ಕೊಡಿಸಿಕೊಂಡ ಮಗುವೇ ಎಂದೂ ವಿಚಾರಿಸಿ.

ಲಕ್ಷಣ: "ಇಲ್ಲ" ಎಂಬುದೇ ಉತ್ತರವಾಗಿರುವ ಪರೀಕ್ಷೆಯಲ್ಲಿ "ಇಲ್ಲ" ಬಂದಿದೆ

ಬೆನ್ನುಹುರಿಯ ಸ್ನಾಯುಕ್ಷಯದ ತಪಾಸಣೆ ಎಸ್‌ಎಂಎನ್1 ಜೀನಿನ 7ನೇ ಎಕ್ಸಾನ್ (ಜೀನಿನ ಒಂದು ಭಾಗ) ಇಲ್ಲದಿರುವುದನ್ನು ಹುಡುಕುತ್ತದೆ. ತೀವ್ರ ರೋಗನಿರೋಧಕ ಕೊರತೆಗೆ ಅಮೆರಿಕದ ವಿಸ್ಕಾನ್ಸಿನ್ 2008ರಲ್ಲಿ ಆರಂಭಿಸಿದ ಟ್ರೆಕ್ (ಹೊಸ ಟಿ ಕಣಗಳು ಹುಟ್ಟುವಾಗ ಉಳಿಯುವ ಡಿಎನ್‌ಎ ಉಂಗುರ) ತಪಾಸಣೆಯಲ್ಲೂ ಸಂಕೇತ ಬಾರದಿರುವುದೇ ರೋಗದ ಗುರುತು. ಅಂದರೆ ಕೆಟ್ಟ ಕಾರ್ಡೂ ಕಾಯಿಲೆಯ ಮಗುವೂ ಒಂದೇ ರೀತಿ ಕಾಣುತ್ತವೆ. ಅದೇ ಕೊಳವೆಯಲ್ಲಿ ಆರ್‌ಎನ್‌ಏಸ್ ಪಿಯಂಥ ಎಲ್ಲರಲ್ಲೂ ಇರುವ ಜೀನು ಸಕಾಲಕ್ಕೆ ಎದ್ದಿರಬೇಕು. ಅದೂ ಎದ್ದಿಲ್ಲವಾದರೆ ನಿಮ್ಮ ಬಳಿ ಫಲಿತಾಂಶವೇ ಇಲ್ಲ.

ಕಿಣ್ವ ಪರೀಕ್ಷೆಗಳದೂ ಇದೇ ಕಥೆ, ಇನ್ನೂ ಬೇಗ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವ ಸೆಕೆಗೆ ಕುಗ್ಗಿಹೋಗುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದ ಕಾರ್ಡು ಕೊರತೆ ಇಲ್ಲದ ಮಗುವಿಗೂ ಕೊರತೆ ತೋರಿಸಬಹುದು. ಅದೇ ಕಾರ್ಡಿನ ಡಿಎನ್‌ಎ ಮಾತ್ರ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು.

ಲಕ್ಷಣ: ಸೀಕ್ವೆನ್ಸಿಂಗ್‌ನಲ್ಲಿ ಅಲ್ಲಲ್ಲಿ ಸಿ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಎ

ಸಿ ಅಕ್ಷರವಾದ ಸೈಟೊಸಿನ್ ತನ್ನ ಅಮೈನ್ ಗುಂಪನ್ನು ಕಳೆದುಕೊಂಡು, ಟಿಯಂತೆ ಓದಿಸಿಕೊಳ್ಳುವ ಯುರಾಸಿಲ್ ಆದಾಗ ಹೀಗಾಗುತ್ತದೆ. ಒಣಗಿದ ಕಾರ್ಡಿನಲ್ಲಿ ಅಪರೂಪ, ತೇವ ಉಂಡ ಕಾರ್ಡಿನಲ್ಲಿ ನೋಡಬೇಕು. ಬದಲಾವಣೆ ಅರ್ಧದಷ್ಟು ಓದುಗಳಲ್ಲಿ ಇಲ್ಲದೆ ಕೆಲವೇ ಓದುಗಳಲ್ಲಿ ಚದುರಿದ್ದರೆ ಅದು ಹಾನಿಯೆಂದು ಅನುಮಾನಿಸಿ. ಯುರಾಸಿಲ್ ತೆಗೆಯುವ ಯುಡಿಜಿ ಕಿಣ್ವ ಹಾಕಿ ಮತ್ತೆ ಓದಿ. ಹಿಮೋಗ್ಲೋಬಿನ್ ಇ ಎಂಬ ಬದಲಾದ ಹಿಮೋಗ್ಲೋಬಿನ್ ಉಂಟುಮಾಡುವುದೂ ಜಿಯಿಂದ ಎಗೆ ಆಗುವ ಬದಲಾವಣೆಯೇ ಆದ್ದರಿಂದ, ಆ ಜಾಗದಲ್ಲಿ ಕಂಡದ್ದನ್ನು ಎರಡನೆಯ ಬಿಲ್ಲೆಯಿಂದ ಖಚಿತಪಡಿಸದೆ ವರದಿ ಬರೆಯಬೇಡಿ.

ಕೈ ತಡೆಯಬೇಕಾದ ಜಾಗ

ಎರಡು ಬಿಲ್ಲೆ ಖರ್ಚಾದರೂ ದಾರಿ ಕಾಣದಿದ್ದರೆ, ಆ ವ್ಯಕ್ತಿ ಕರೆದರೆ ಬರುವಷ್ಟು ಹತ್ತಿರವಿದ್ದರೆ, ಹೊಸ ರಕ್ತ ಕೇಳಿ. ಹೊಸ ಕಾರ್ಡನ್ನು ಸಮತಟ್ಟಾಗಿ, ಬಿಸಿಲು ಬೀಳದ ಕಡೆ, ಕನಿಷ್ಠ 3 ಗಂಟೆ ಒಣಗಿಸಿ, ಮಳೆಗಾಲವಾದರೆ ರಾತ್ರಿಯಿಡೀ. ಕೂದಲೊಣಗಿಸುವ ಯಂತ್ರ ಬೇಡ. ಚಿಕಿತ್ಸೆ ಅಥವಾ ಗರ್ಭದ ಬಗ್ಗೆ ನಿರ್ಧಾರ ಈ ಫಲಿತಾಂಶದ ಮೇಲೆ ನಿಂತಿದ್ದರೆ, ಹಳೆಯ ಕಾರ್ಡಿನ ಉತ್ತರವೊಂದನ್ನೇ ನಂಬಿ ವರದಿ ಕೊಡಬೇಡಿ. ತಳಿವಿಜ್ಞಾನದ ವೈದ್ಯರನ್ನು ಮೊದಲೇ ಸೇರಿಸಿಕೊಳ್ಳಿ.

ಒಪ್ಪಿಗೆಯ ಪತ್ರವನ್ನೂ ತೆರೆದು ಓದಿ. ಒಂದು ಕಾಯಿಲೆಗೆಂದು ತೆಗೆದ ರಕ್ತ ಇನ್ನೊಂದು ಕೆಲಸಕ್ಕೆ ತಾನಾಗಿ ಸಿಗುವುದಿಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ಕಾರ್ಡುಗಳನ್ನು ಇಟ್ಟುಕೊಂಡದ್ದಕ್ಕೆ ಮೊಕದ್ದಮೆ ಎದುರಿಸಿದ ಅಮೆರಿಕದ ಟೆಕ್ಸಸ್ ರಾಜ್ಯ, 2009ರ ರಾಜಿಯ ನಂತರ 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನಾಶ ಮಾಡಬೇಕಾಯಿತು.

ಕರೆದರೆ ಬರಲಾಗದವರ ಕಾರ್ಡುಗಳೂ ಇರುತ್ತವೆ. ತೀರಿಕೊಂಡ ಮಗುವಿನ ಕಾರ್ಡು, ಮುಂದಿನ ಬಸಿರಿನ ತಪಾಸಣೆಗೆಂದು ತಂದೆ ತಾಯಿ ತಂದುಕೊಟ್ಟದ್ದು. ಅಂಥದ್ದರಲ್ಲಿ ಮೊದಲ ಬಿಲ್ಲೆಯನ್ನು ಸಹ ಅಭ್ಯಾಸಕ್ಕೆ ಬಳಸಬಾರದು. ವಿಧಾನವನ್ನು ಅದೇ ಕಾಲದ, ಅದೇ ಕಾಗದದ ಬೇರೆ ಕಾರ್ಡುಗಳ ಮೇಲೆ ಪಳಗಿಸಿಕೊಂಡು, ಮುರಿದ ಡಿಎನ್‌ಎಯಲ್ಲಿ ಕೈ ಪಳಗಿದ ಪ್ರಯೋಗಾಲಯ ಇನ್ನೊಂದಿದ್ದರೆ ಅವರನ್ನು ಕೇಳಿಕೊಂಡು, ಆಮೇಲೆ ಪಂಚ್ ಎತ್ತಬೇಕು. ನಮ್ಮ ಫ್ರೀಜರಿನಲ್ಲಿ ಅಂಥದೊಂದು ಚೀಲವಿದೆ. ಕಾರ್ಡಿನಲ್ಲಿ ಉಳಿದಿರುವುದು ಎರಡು ಬಿಲ್ಲೆಗಾಗುವಷ್ಟು ಜಾಗ. ಚೀಲದ ಚೀಟಿಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಕೇಳದೆ ತೆರೆಯಬೇಡಿ."